ಕೂಸಿನ ನಾಲಿಗೆ ಮತ್ತು ಇಂಗ್ಲಿಷಿನ ಸಂತೆ

ಜಪಾನಿನ ದೊಡ್ಡ ಪಟ್ಟಣಗಳಲ್ಲಿ ಎರಡು ಮೂರು ವರ್ಷದ ಕೂಸುಗಳಿಗೆ ಇಂಗ್ಲಿಷ್ ಕಲಿಸೋದು ಈಗ ಭಾರಿ ವ್ಯಾಪಾರವಾಗಿದೆ. ಹಾಲುಹಲ್ಲು ಪೂರ್ತಿ ಮೂಡಿರುವುದಿಲ್ಲ, ತಾಯಿಯ ಮಾತೇ ಇನ್ನೂ ತೊದಲು, ಅಷ್ಟರಲ್ಲಿ ಮಗುವನ್ನು ಇಂಗ್ಲಿಷ್ ಶಿಶುವಿಹಾರಕ್ಕೆ ಸೇರಿಸುವ ಅವಸರ. ಅಲ್ಲಿ ಆಟ, ಊಟ, ಜಗಳ ಎಲ್ಲವೂ ಇಂಗ್ಲಿಷಿನಲ್ಲೇ ನಡೆಯಬೇಕು. ತಿಂಗಳಿಗೆ 1 ಲಕ್ಷ ಯೆನ್ ದಾಟಿದ ಫೀಸು ಅಲ್ಲಿ ಸಾಮಾನ್ಯ. ಅಷ್ಟು ಕೊಡಲಾರದವರಿಗೆ 'ಏಕೈವಾ' ಅಂತ ಕರೆಯುವ ಖಾಸಗಿ ಮಾತುಕತೆ ಶಾಲೆಗಳಿವೆ, ವಾರಕ್ಕೊಂದು ಪಾಠ. ಮನೆಯಲ್ಲೇ ಕಲಿಸುತ್ತೇವೆ ಅನ್ನುವವರಿಗೆ ಹಾಡು, ಚಿತ್ರ, ಪುಸ್ತಕ ತುಂಬಿದ ಪೆಟ್ಟಿಗೆಗಳು. ಪೂರ್ತಿ ಸೆಟ್ಟಿಗೆ ಲಕ್ಷಗಟ್ಟಲೆ ಯೆನ್. ಬಸುರಿ ಹೆಂಗಸರಿಗೂ ಇವನ್ನು ಮಾರುತ್ತಾರೆ.

ಇದು ಎಲ್ಲೋ ದೂರದ ಉಳ್ಳವರ ಖಯಾಲಿ, ನಮ್ಮ ಹಟ್ಟಿ ಕೇರಿಗಳಿಗೂ ಇದಕ್ಕೂ ಏನು ಸಂಬಂಧ ಅಂತ ಗೆಳೆಯರು ಕೇಳಬಹುದು. ಸಂಬಂಧ ಇದೆ. ನಮ್ಮಲ್ಲಿ ಇಂಗ್ಲಿಷಿನ ಮಾತು ಎತ್ತಿದ ಕೂಡಲೆ ಅನ್ನದ ಪ್ರಶ್ನೆ ಅಡ್ಡ ಬರುತ್ತದೆ. ಇಂಗ್ಲಿಷ್ ಬರದವನಿಗೆ ಕೆಲಸ ಇಲ್ಲ, ಕೋರ್ಟಿಲ್ಲ, ಆಸ್ಪತ್ರೆಯ ಚೀಟಿ ಕೂಡ ಓದಲಾಗದು ಅನ್ನುವ ಸತ್ಯದ ಮುಂದೆ ಬೇರೆಲ್ಲ ತರ್ಕ ಬಾಯಿ ಮುಚ್ಚಿಕೊಳ್ಳುತ್ತದೆ. ಜಪಾನಿನಲ್ಲಿ ಹಾಗಿಲ್ಲ. ಅಲ್ಲಿ ವೈದ್ಯ ವಿದ್ಯೆ ಕಲಿಯೋದು ಜಪಾನಿ ಭಾಷೆಯಲ್ಲಿ, ಸೇತುವೆ ಕಟ್ಟೋದು, ರೈಲು ಓಡಿಸೋದು, ನ್ಯಾಯ ಹೇಳೋದು ಎಲ್ಲವೂ ಅದರಲ್ಲೇ. ಒಂದು ಇಂಗ್ಲಿಷ್ ವಾಕ್ಯ ಆಡದೆ ಬದುಕು ಪೂರೈಸಿದವರು ಆ ದೇಶದಲ್ಲಿ ಕೋಟಿಗಟ್ಟಲೆ. ಹಾಗಿದ್ದೂ ಮೂರು ವರ್ಷದ ಮಗುವಿನ ನಾಲಿಗೆಗೆ ಇಂಗ್ಲಿಷ್ ಯಾಕೆ ಬೇಕಾಯಿತು? ಅನ್ನದ ಪ್ರಶ್ನೆ ಇಷ್ಟು ತೀವ್ರವಾಗಿ ಇಲ್ಲದ ಕಡೆ ಉಳಿಯೋದು ಏನು? ಅದನ್ನು ನೋಡಬೇಕಾದರೆ ಜಪಾನಿಗೇ ಹೋಗಬೇಕು.

ಜಪಾನಿ ಭಾಷೆ ಇಷ್ಟೆಲ್ಲ ಹೊತ್ತದ್ದು ದೇವರ ವರದಿಂದಲ್ಲ. ಮೇಯ್ಜಿ ಆಳ್ವಿಕೆ ಶುರುವಾದದ್ದು 1868ರಲ್ಲಿ. 1872ರಲ್ಲಿ ಇಡೀ ದೇಶಕ್ಕೆ ಶಾಲೆಯ ಕಾಯಿದೆ ಬಂತು. ಅದೇ ಸುಮಾರಿಗೆ ಅಮೆರಿಕದಲ್ಲಿ ರಾಯಭಾರಿಯಾಗಿದ್ದ ಮೊರಿ ಅರಿನೊರಿ ಎಂಬಾತ ಜಪಾನಿ ಭಾಷೆ ಹೊಸ ಕಾಲಕ್ಕೆ ಸಾಲದು, ದೇಶ ಇಂಗ್ಲಿಷನ್ನೇ ಎತ್ತಿಕೊಳ್ಳಬೇಕು ಎಂದು ವಾದ ಹೂಡಿದ. ಈತ ಸಣ್ಣ ಮನುಷ್ಯನೇನಲ್ಲ, 1885ರಲ್ಲಿ ದೇಶದ ಮೊದಲ ಶಿಕ್ಷಣ ಮಂತ್ರಿಯಾದವನು. ಇವನಿಗೆ ಉತ್ತರ ಕೊಟ್ಟವನು ಬಾಬಾ ತಾತ್ಸುಯಿ. 1873ರಲ್ಲಿ ಲಂಡನ್ನಿನಲ್ಲಿ ಕೂತು ಜಪಾನಿ ಭಾಷೆಯ ವ್ಯಾಕರಣ ಬರೆದ. ಇಂಗ್ಲಿಷಿನಲ್ಲೇ ಬರೆದ. ಪರಭಾಷೆ ಕಲಿಯಲು ಬಿಡುವು ಇರೋದು ದುಡ್ಡಿದ್ದವರಿಗೆ. ದುಡಿಯುವವರಿಗೆ ಆ ಬಿಡುವು ಎಲ್ಲಿ? ದೇಶದ ವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ ನಡೆದರೆ ಕೆಳಗಿನವರು ಹೊರಗೇ ಉಳಿಯುತ್ತಾರೆ, ಮೇಲಿನವರಿಗೂ ಕೆಳಗಿನವರಿಗೂ ನಡುವೆ ಕರುಳಿನ ಸಂಬಂಧವೇ ಕಡಿದು ಹೋಗುತ್ತದೆ. ಇದು ಅವನ ವಾದದ ಸಾರ.

ಬಾಬಾನ ವಾದವನ್ನು ನಾವು ಗಮನವಿಟ್ಟು ನೋಡಬೇಕು. ಅವನು ಭಾಷೆಯ ಪಾವಿತ್ರ್ಯದ ಮಾತು ಎತ್ತಲಿಲ್ಲ. ತಾಯಿ, ದೇವಿ, ಸಂಸ್ಕೃತಿ ಅನ್ನಲಿಲ್ಲ. ಬಿಡುವು ಯಾರಿಗಿದೆ ಅಂತ ಕೇಳಿದ. ಭಾಷೆಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು.

ಈಗ ಸರ್ಕಾರಿ ಶಾಲೆಯ ಮಾತಿಗೆ ಬರೋಣ. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಬಹುಕಾಲ ಇರಲಿಲ್ಲ, ಅದು ಮಾಧ್ಯಮಿಕ ಶಾಲೆಯ ವಿಷಯವಾಗಿತ್ತು. 2002ರಿಂದ ಮೂರನೆ ತರಗತಿಯ ಮೇಲೆ ಇಷ್ಟವಿದ್ದ ಶಾಲೆಗಳು ಸ್ವಲ್ಪ ಹಾಡು-ಆಟ ಮಾಡಿಸಬಹುದು ಎಂದಾಯಿತು. 2011ರಲ್ಲಿ ಐದು ಆರನೆ ತರಗತಿಗೆ ವಾರಕ್ಕೊಂದು ಪೀರಿಯಡ್ಡು ಕಡ್ಡಾಯವಾಯಿತು. 2020ರಿಂದ ಮೂರು ನಾಲ್ಕನೆ ತರಗತಿಗೆ ವರ್ಷಕ್ಕೆ 35 ಪೀರಿಯಡ್ಡು. ಐದು ಆರಕ್ಕೆ 70 ಪೀರಿಯಡ್ಡು, ಅಂಕಗಳಿರುವ ಪೂರ್ತಿ ವಿಷಯ. ಅಂದರೆ ಎಲ್ಲರ ಮಕ್ಕಳಿಗೂ ಎಂಟು ವರ್ಷಕ್ಕೆ ಇಂಗ್ಲಿಷ್ ಶುರು. ಕೇಳೋದಕ್ಕೆ ಇದು ಸಮಾನತೆಯ ಹಾಗೇ ಇದೆ. ಆದರೆ ಎಲ್ಲರಿಗೂ ಎಂಟಕ್ಕೆ ಸಿಗುತ್ತದೆ ಎಂದ ಕೂಡಲೆ ಉಳ್ಳವರು ಮೂರಕ್ಕೆ ಇಳಿದರು. ಬಡವ ಮೆಟ್ಟಿಲು ಹತ್ತಿದ ಅಂದರೆ ಸಾಹುಕಾರ ಇನ್ನೊಂದು ಮಹಡಿ ಕಟ್ಟಿಸುತ್ತಾನೆ. ಇದನ್ನು ನಾವು ನೋಡದೇ ಇರೋದೇನಲ್ಲ.

ಮೂರು ವರ್ಷಕ್ಕೇ ಯಾಕೆ? ವ್ಯಾಪಾರಿಗಳ ಉತ್ತರ ತಯಾರಿದೆ: ಕೂಸಿನ ಕಿವಿ ತೆರೆದಿರುತ್ತದೆ, ಆಮೇಲೆ ಮುಚ್ಚಿಹೋಗುತ್ತದೆ. ಇದರಲ್ಲಿ ಅರ್ಧ ಸತ್ಯ ಇದೆ. ಜಪಾನಿ ಭಾಷೆಯಲ್ಲಿ ರ-ಕಾರ ಲ-ಕಾರ ಬೇರೆ ಬೇರೆ ಇಲ್ಲ. ಪೆಟ್ರೀಶಿಯಾ ಕೂಲ್ ಮತ್ತು ಅವರ ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 6ರಿಂದ 8 ತಿಂಗಳ ಜಪಾನಿ ಕೂಸುಗಳು ಈ ಎರಡು ಉಲಿಗಳನ್ನು ಅಮೆರಿಕದ ಕೂಸುಗಳಷ್ಟೇ ಚೆನ್ನಾಗಿ ಗುರುತಿಸಿದವು. 10ರಿಂದ 12 ತಿಂಗಳ ಹೊತ್ತಿಗೆ ಹಿಂದೆ ಬಿದ್ದವು. ಸರಿ. ಆದರೆ ಅದೇ ವಿಜ್ಞಾನಿಗಳ 2003ರ ಇನ್ನೊಂದು ಅಧ್ಯಯನ ಇದೆ. 9 ತಿಂಗಳ ಅಮೆರಿಕದ ಕೂಸುಗಳಿಗೆ ಚೀನಿ ಮಾತು ಕೇಳಿಸಿದರು. ಎದುರಿಗೆ ಮನುಷ್ಯರು ಕೂತು, ಕಣ್ಣಲ್ಲಿ ಕಣ್ಣಿಟ್ಟು ಆಡಿದಾಗ ಕೂಸು ಆ ಭಾಷೆಯ ಉಲಿಗಳನ್ನು ಹಿಡಿಯಿತು. ಅದೇ ಮಾತನ್ನು ಪರದೆಯ ಮೇಲೆ ತೋರಿಸಿದಾಗ ಏನೂ ಹಿಡಿಯಲಿಲ್ಲ. ಲಕ್ಷ ಯೆನ್ನಿನ ಪೆಟ್ಟಿಗೆ ಮಾರುವವರು ಇದನ್ನು ಹೇಳುವುದಿಲ್ಲ. ಬಾರ್ಸಿಲೋನಾದಲ್ಲಿ ಕಾರ್ಮೆನ್ ಮುನ್ಯೋಸ್ ಎಂಬ ವಿದ್ವಾಂಸೆ ಮತ್ತು ಜೊತೆಗಾರರು ಶಾಲೆಯ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ವಾರಕ್ಕೆ ಕೆಲವೇ ಗಂಟೆ ಇಂಗ್ಲಿಷ್ ಇರುವ ಶಾಲೆಯಲ್ಲಿ, ಅಷ್ಟೇ ಗಂಟೆಗಳ ಪಾಠ ಆದ ಮೇಲೆ, 8 ವರ್ಷಕ್ಕೆ ಶುರು ಮಾಡಿದವರಿಗಿಂತ 11ಕ್ಕೆ ಶುರು ಮಾಡಿದವರೇ ಮುಂದಿದ್ದರು. ವಾರಕ್ಕೊಂದು ಪಾಠದ ಕೂಸಿಗೆ ಏನು ದಕ್ಕೀತು ಅನ್ನೋದನ್ನು ಇದರ ಮೇಲೆ ಊಹಿಸಬಹುದು.

ಇನ್ನು ಆ ರ-ಕಾರ ಲ-ಕಾರದ ಅಂಜಿಕೆಯೇ ಎಂಥದು? ಜಪಾನಿನ ಜನ ನೂರಾರು ಇಂಗ್ಲಿಷ್ ಶಬ್ದಗಳನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡಿದ್ದಾರೆ. ಬಸ್ಸು ಅವರಿಗೆ 'ಬಾಸು', ಮಿಲ್ಕು 'ಮಿರುಕು', ಟೆಲಿವಿಷನ್ನು 'ತೆರೆಬಿ'. ನಮ್ಮ ಅವ್ವಂದಿರು 'ಇಸ್ಕೂಲು', 'ಟೇಸನ್ನು' ಅಂದ ಹಾಗೇ ಇದು. ಭಾಷೆ ಬದುಕುವುದೇ ಹೀಗೆ. ಆದರೆ ಅದೇ 'ಮಿರುಕು' ಇಂಗ್ಲಿಷ್ ಕ್ಲಾಸಿನಲ್ಲಿ ತಪ್ಪಾಗುತ್ತದೆ, ನಗೆಯಾಗುತ್ತದೆ. 'ಹಸು' ಅನ್ನಲು ಹೋಗಿ 'ಅಸು' ಅಂದ ಹುಡುಗನನ್ನು ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ ನಕ್ಕ ಶಾಲೆಗಳಲ್ಲಿ ಓದಿ ಬಂದ ನಮಗೆ ಆ ನಗೆಯ ರುಚಿ ಗೊತ್ತು. ಉಚ್ಚಾರದ ಪಾಠ ಎಂಬ ಹೆಸರಲ್ಲಿ ಅಲ್ಲಿ ನಡೆಯೋದು ಯಾರ ಮನೆಯ ಮಾತು ಮೇಲು, ಯಾರದು ಕೀಳು ಅನ್ನುವ ಪಾಠ. ಅಕ್ಷರ ಮರೆತುಹೋದರೂ ಆ ಪಾಠ ಮರೆಯುವುದಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. ಮಕ್ಕಳೇನೂ ಅಲ್ಲಿ ಅಳುತ್ತಾ ಕೂತಿಲ್ಲ. ಹಾಡುತ್ತವೆ, ಕುಣಿಯುತ್ತವೆ, ಹಣ್ಣಿನ ಚಿತ್ರ ತೋರಿಸಿದರೆ ಹೆಸರು ಕೂಗುತ್ತವೆ. ಎರಡು ಭಾಷೆ ಕಲಿತರೆ ಮಗುವಿಗೆ ನಷ್ಟವೇನು? ಈ ಆಕ್ಷೇಪ ನ್ಯಾಯವಾದದ್ದು. ಎರಡಲ್ಲ, ಮೂರು ಭಾಷೆಯಾದರೂ ಕೂಸಿಗೆ ಭಾರವಲ್ಲ. ನಮ್ಮ ಗಡಿ ಜಿಲ್ಲೆಗಳ ಕೂಲಿಕಾರರ ಮಕ್ಕಳು ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ಉರ್ದು ಆಡುತ್ತವೆ, ಯಾವ ಫೀಸೂ ಇಲ್ಲದೆ. ಎರಡು ಭಾಷೆ ಕಲಿಸೋದು ತಪ್ಪು ಅಂತ ನಾವು ಹೇಳುತ್ತಿಲ್ಲ. ನಮ್ಮ ಪ್ರಶ್ನೆ ಬೇರೆ: ಯಾವ ಮಗುವಿನ ಎರಡನೆ ಭಾಷೆಗೆ ಬೆಲೆ, ಯಾವ ಮಗುವಿನ ಎರಡನೆ ಭಾಷೆಗೆ ಬೆತ್ತ?

ಇದೇ ಜಪಾನಿನ ದಕ್ಷಿಣದ ಓಕಿನಾವಾ ದ್ವೀಪಗಳನ್ನು ನೋಡಿ. ಅಲ್ಲಿನ ಮಕ್ಕಳಿಗೆ ಮನೆಯ ಮಾತು ಬೇರೆಯೇ ಇತ್ತು. ಇಪ್ಪತ್ತನೆ ಶತಮಾನದ ಮೊದಲಿನಿಂದ ಅಲ್ಲಿನ ಶಾಲೆಗಳಲ್ಲಿ 'ಹೋಗೆನ್ ಫುದಾ' ಎಂಬ ಶಿಕ್ಷೆ ಬಂತು. ಹಾಗೆಂದರೆ ಆಡುಮಾತಿನ ಪಟ್ಟಿ. ಮನೆಯ ಮಾತು ಬಾಯಿಂದ ಜಾರಿದ ಮಗುವಿನ ಕೊರಳಿಗೆ ಒಂದು ಮರದ ಹಲಗೆ ತೂಗುಹಾಕುವುದು. ಅದು ಇಳಿಯಬೇಕಾದರೆ ಆ ಮಗು ಇನ್ನೊಂದು ಮಗುವನ್ನು ಅದೇ ತಪ್ಪಿನಲ್ಲಿ ಹಿಡಿದುಕೊಡಬೇಕು. ಆಗ ಹಲಗೆ ಆ ಕೊರಳಿಗೆ. ಮಕ್ಕಳನ್ನೇ ಮಕ್ಕಳ ಮೇಲೆ ಗೂಢಚಾರರನ್ನಾಗಿ ಮಾಡಿದ ಈ ಪದ್ಧತಿ ಕೆಲವು ಶಾಲೆಗಳಲ್ಲಿ 1960ರ ದಶಕದವರೆಗೂ ಇತ್ತು. ಇದನ್ನು ಮಾಡಿದ ಮೇಷ್ಟ್ರುಗಳಲ್ಲಿ ಓಕಿನಾವಾದವರೇ ಬಹಳ ಮಂದಿ. ದ್ವೇಷದಿಂದಲ್ಲ, ಹೊರಗೆ ಹೋದಾಗ ನಮ್ಮ ಮಕ್ಕಳು ಅವಮಾನ ಪಡಬಾರದು ಅನ್ನುವ ಪ್ರೀತಿಯಿಂದ. ಹಳ್ಳಿಗಳಲ್ಲಿ ಪಾಠ ಹೇಳುವ ನಮ್ಮ ಗೆಳೆಯರು ಈ ಮಾತಿನ ಮುಂದೆ ಒಂದು ಗಳಿಗೆ ನಿಲ್ಲಬೇಕು. ಒಳ್ಳೆಯದಕ್ಕೇ ಅಂತ ಮಾಡಿದ್ದು ಕೂಡ ಕೊರಳಿನ ಹಲಗೆಯಾಗಬಹುದು.

ಉತ್ತರದ ಐನು ಜನರ ಕಥೆಯೂ ಇದೇ. 1899ರಲ್ಲಿ ಅವರನ್ನು 'ರಕ್ಷಿಸುವ' ಹೆಸರಿನಲ್ಲಿ ಕಾನೂನು ತಂದರು. ಅವರ ಮಕ್ಕಳಿಗೆ ಶಾಲೆಯಲ್ಲಿ ಜಪಾನಿ ಕಲಿಸಿ ಐನು ಭಾಷೆಯನ್ನು ಒಲೆಯ ಮೂಲೆಗೆ ತಳ್ಳಿದರು. ಅದು ರದ್ದಾದದ್ದು 1997ರಲ್ಲಿ. ಐನುಗಳು ಮೂಲನಿವಾಸಿಗಳು ಅಂತ ಕಾನೂನಿನಲ್ಲಿ ಬರೆದದ್ದು 2019ರಲ್ಲಿ. ಅಷ್ಟು ಹೊತ್ತಿಗೆ ಐನು ಭಾಷೆ ಸಾಯುವ ಅಂಚಿನಲ್ಲಿದೆ ಎಂದು ಯುನೆಸ್ಕೋ ಪಟ್ಟಿಗೆ ಹಾಕಿಯಾಗಿತ್ತು.

ಕೊರಿಯನ್ ಮಕ್ಕಳದ್ದು ಇನ್ನೂ ಉರಿಯುವ ಗಾಯ. ಜಪಾನು ಕೊರಿಯಾವನ್ನು ಆಳಿದ ಕಾಲದಲ್ಲಿ ಬಂದು ನೆಲೆಸಿದವರ ಮಕ್ಕಳು ಇವು. ಯುದ್ಧ ಮುಗಿದ ಮೇಲೆ ಆ ಜನ ತಮ್ಮ ಭಾಷೆಗಾಗಿ ತಾವೇ ಶಾಲೆ ಕಟ್ಟಿಕೊಂಡರು. 1948ರಲ್ಲಿ, ಅಮೆರಿಕದ ಸೈನ್ಯದ ಆಡಳಿತವಿದ್ದಾಗ, ಆ ಶಾಲೆಗಳನ್ನು ಮುಚ್ಚುವ ಆಜ್ಞೆ ಬಂತು. ಏಪ್ರಿಲಿನಲ್ಲಿ ಕೋಬೆ, ಓಸಾಕಾ ಊರುಗಳಲ್ಲಿ ತಂದೆತಾಯಿಗಳು ಬೀದಿಗೆ ಇಳಿದರು. ಓಸಾಕಾದಲ್ಲಿ ಪೋಲೀಸರ ಗುಂಡಿಗೆ ಕಿಮ್ ತೆ-ಇಲ್ ಎಂಬ 16 ವರ್ಷದ ಹುಡುಗ ಸತ್ತ. ಮುಂದೆ 2019ರ ಅಕ್ಟೋಬರಿನಲ್ಲಿ ಸರ್ಕಾರ 3ರಿಂದ 5 ವರ್ಷದ ಮಕ್ಕಳ ಶಿಶುವಿಹಾರದ ಫೀಸು ಮಾಫಿ ಮಾಡಿದಾಗ ಕೊರಿಯನ್ ಶಾಲೆಗಳ ಶಿಶುವಿಹಾರಗಳನ್ನು ಹೊರಗಿಟ್ಟಿತು. ಅವು ಕಾನೂನಿನ ಲೆಕ್ಕದಲ್ಲಿ 'ಇತರೆ' ವರ್ಗದ ಶಾಲೆಗಳಂತೆ. ಅದೇ ವರ್ಗದ ಅಂತರರಾಷ್ಟ್ರೀಯ ಶಾಲೆಗಳ ಶಿಶುವಿಹಾರಗಳೂ ಹೊರಗುಳಿದವು, ನಿಜ. ಆದರೆ ಅಲ್ಲಿಗೆ ಮಗುವನ್ನು ಕಳಿಸುವ ಮನೆಗೆ ಫೀಸು ಕಟ್ಟುವ ತಾಕತ್ತು ಇದೆ, ಮೇಲೆ ಮರ್ಯಾದೆಯೂ ಇದೆ. ಕೊರಿಯನ್ ಕಲಿಯುವ ಮೂರು ವರ್ಷದ ಮಗುವಿಗೆ ಎರಡೂ ಇಲ್ಲ. ಬ್ರೆಜಿಲ್ಲಿನಿಂದ, ಫಿಲಿಪ್ಪೀನ್ಸಿನಿಂದ ಕಾರ್ಖಾನೆ ಕೆಲಸಕ್ಕೆ ಬಂದವರ ಮಕ್ಕಳ ಪಾಡೂ ಅಷ್ಟೇ. 2019ರಲ್ಲಿ ಸರ್ಕಾರವೇ ಎಣಿಸಿದಾಗ ಸುಮಾರು 20 ಸಾವಿರ ವಿದೇಶಿ ಮಕ್ಕಳು ಶಾಲೆಯಲ್ಲಿ ಇಲ್ಲದಿರಬಹುದು ಎಂದು ಗೊತ್ತಾಯಿತು. ಇವರಿಗೂ ಎರಡು ಭಾಷೆ ಬರುತ್ತದೆ. ಇವರನ್ನು ಯಾರೂ 'ದ್ವಿಭಾಷಾ ಪ್ರತಿಭೆ' ಅನ್ನುವುದಿಲ್ಲ, 'ಸಮಸ್ಯೆ' ಅನ್ನುತ್ತಾರೆ.

ಈಗ ಉತ್ತರ ತಾನಾಗಿ ಬರುತ್ತದೆ. ಇಂಗ್ಲಿಷ್ ಶಿಶುವಿಹಾರದಲ್ಲಿ ಮಾರುವುದು ಬರೀ ಭಾಷೆಯಲ್ಲ, ಬರೀ ಅನ್ನವೂ ಅಲ್ಲ. ಮಾರುವುದು ಅಂತಸ್ತು. ಪಕ್ಕದ ಮನೆಯ ಮಗುವಿಗೆ ಇಲ್ಲ ಅನ್ನುವುದರಿಂದಲೇ ಅದಕ್ಕೆ ಅಷ್ಟು ಬೆಲೆ. ಮಡಿ ಅನ್ನುವುದು ನಮ್ಮಲ್ಲಿ ಹೀಗೇ ಅಲ್ಲವೆ? ಎಲ್ಲರೂ ಮುಟ್ಟಬಹುದು ಅಂದಮೇಲೆ ಅದು ಮಡಿಯಾಗಿ ಉಳಿಯುವುದಿಲ್ಲ.

ಈ ಓಟದ ಕೊನೆಯಲ್ಲಿ ಕಾಲೇಜಿನ ಪ್ರವೇಶ ಪರೀಕ್ಷೆ ಇದೆ. ಅದಕ್ಕೆ ಖಾಸಗಿ ಕಂಪನಿಗಳ ಇಂಗ್ಲಿಷ್ ಪರೀಕ್ಷೆಗಳನ್ನು ಸೇರಿಸಲು ಸರ್ಕಾರ ಹೊರಟಿತ್ತು. ಪರೀಕ್ಷೆಗೆ ಫೀಸು ಕಟ್ಟಬೇಕು. ದೂರದ ಹಳ್ಳಿ, ದ್ವೀಪದ ಮಕ್ಕಳು ಪಟ್ಟಣಕ್ಕೆ ಹೋಗಿ ಉಳಿಯಬೇಕು. ದುಡ್ಡಿದ್ದವರು ಮೊದಲೇ ಹತ್ತಾರು ಸಲ ಬರೆದು ಪಳಗಬಹುದು. ಇದು ಅನ್ಯಾಯವಲ್ಲವೆ ಎಂದು 2019ರ ಅಕ್ಟೋಬರಿನಲ್ಲಿ ಟೀವಿಯಲ್ಲಿ ಕೇಳಿದಾಗ, ಶಿಕ್ಷಣ ಮಂತ್ರಿ ಹಗಿಉದಾ ಕೊಯಿಚಿ ಅವರವರ ಅಳತೆಗೆ ತಕ್ಕಂತೆ ಸೆಣಸಲಿ ಅನ್ನುವ ಅರ್ಥದ ಮಾತಾಡಿದ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ, ಹಾಸಿಗೆ ಇದ್ದಷ್ಟು ಕಾಲು ಚಾಚು. ಹಾಸಿಗೆಯನ್ನು ಕಸಿದುಕೊಂಡವರೇ ಈ ಗಾದೆ ಹೇಳೋದು ಲೋಕದ ರೂಢಿ. ಜಪಾನಿನ ವಿದ್ಯಾರ್ಥಿಗಳು, ತಂದೆತಾಯಿಗಳು, ಮೇಷ್ಟ್ರುಗಳು ಸುಮ್ಮನಿರಲಿಲ್ಲ. ಮಂತ್ರಿ ಕ್ಷಮೆ ಕೇಳಬೇಕಾಯಿತು. ನವೆಂಬರ್ 1ರಂದು ಯೋಜನೆ ಮುಂದಕ್ಕೆ ಹೋಯಿತು. 2021ರಲ್ಲಿ ಪೂರ್ತಿ ಬಿದ್ದುಹೋಯಿತು.

ಈ ಸಂತೆಯಲ್ಲಿ ದುಡಿಯುವವರನ್ನೂ ಮರೆಯಬಾರದು. ಜಾಹೀರಾತಿನಲ್ಲಿ ಬಿಳಿ ಮುಖ ನಗುತ್ತಿರುತ್ತದೆ. ಒಳಗೆ ಕೂಸುಗಳ ಮುಂದೆ ಮಂಡಿಯೂರಿ, ಮೂಗು ಒರೆಸಿ, ಹಾಡು ಹೇಳಿಕೊಡುವವರಲ್ಲಿ ಫಿಲಿಪ್ಪೀನ್ಸಿನ ಹೆಣ್ಣುಮಕ್ಕಳೂ ಬಹಳ. ಅವರ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಬಿಳಿಯ ಮೇಷ್ಟ್ರೇ ಬೇಕು ಅನ್ನುವ ತಂದೆತಾಯಿಗಳು ಇದ್ದಾರೆ. ಸರ್ಕಾರ 1987ರಿಂದ ವಿದೇಶಿ ತರುಣರನ್ನು ಸಹಾಯಕ ಶಿಕ್ಷಕರಾಗಿ ಕರೆಸುತ್ತಿದೆ. ಅದು ಸಾಲದೆ ಊರೂರಿನ ಶಿಕ್ಷಣ ಮಂಡಲಿಗಳು ಗುತ್ತಿಗೆ ಕಂಪನಿಗಳಿಂದ ಜನ ಪಡೆಯುತ್ತವೆ. ವರ್ಷದ ಕರಾರು, ಕಡಿಮೆ ಸಂಬಳ, ನಾಳೆಯ ಭರವಸೆ ಇಲ್ಲ. 2007ರ ಅಕ್ಟೋಬರಿನಲ್ಲಿ 'ನೋವಾ' ಎಂಬ ಅತಿ ದೊಡ್ಡ ಏಕೈವಾ ಕಂಪನಿ ದಿವಾಳಿ ಎದ್ದಾಗ ಸಾವಿರಾರು ಮೇಷ್ಟ್ರುಗಳ ಸಂಬಳ ಮುಳುಗಿತು, ಮುಂಗಡ ಕಟ್ಟಿದ ಲಕ್ಷಾಂತರ ಕಲಿಯುವವರ ದುಡ್ಡೂ ಮುಳುಗಿತು.

ಹಾಗಾದರೆ ದಾರಿ ಯಾವುದು? ದಾರಿ ತೋರಿಸಿದವರು ಜಪಾನಿನಲ್ಲೇ ಇದ್ದಾರೆ. ಅವರು ನಮ್ಮ ಬಂಧುಗಳು. ಸತ್ತ ದನ ಎತ್ತುವುದು, ಚರ್ಮ ಹದ ಮಾಡುವುದು, ಇದಕ್ಕಾಗಿ ಊರ ಹೊರಗೆ ಇಡಲ್ಪಟ್ಟ ಜನ ಅಲ್ಲೂ ಇದ್ದರು. 1871ರ ರಾಜಾಜ್ಞೆ ಅವರ ಹೊಲೆತನವನ್ನು ಕಾಗದದ ಮೇಲೆ ಅಳಿಸಿತು. ಜನರ ಮನಸ್ಸಿನಲ್ಲಿ ಅಳಿಸಲಿಲ್ಲ. ಅವರ ಕೇರಿಗಳಿಗೆ 'ಬುರಾಕು' ಅನ್ನುತ್ತಾರೆ. 1922ರಲ್ಲಿ ಅವರು ಕ್ಯೋತೋದಲ್ಲಿ 'ಸುಯ್‌ಹೆಯ್‌ಶಾ' ಎಂಬ ಸಂಘ ಕಟ್ಟಿದರು, ನೀರಿನ ಮಟ್ಟದಂತೆ ಎಲ್ಲರೂ ಸಮ ಅನ್ನುವ ಸಂಘ.

1961ರಲ್ಲಿ ಕೋಚಿ ಎಂಬ ಊರಿನ ನಾಗಹಾಮಾ ಪ್ರದೇಶದ ಬುರಾಕು ತಾಯಂದಿರು ಒಂದು ಪ್ರಶ್ನೆ ಎತ್ತಿದರು. ಕಡ್ಡಾಯ ಶಿಕ್ಷಣ ಉಚಿತ ಅಂತ ಸಂವಿಧಾನದ 26ನೆ ವಿಧಿಯಲ್ಲಿ ಇದೆ, ಹಾಗಿದ್ದರೆ ಪಠ್ಯಪುಸ್ತಕಕ್ಕೆ ನಾವೇಕೆ ದುಡ್ಡು ಕೊಡಬೇಕು? ದಿನಗೂಲಿಯ ಹೆಂಗಸರು ಸಂವಿಧಾನ ಓದಿ, ಮೇಷ್ಟ್ರುಗಳ ಜೊತೆ ಸೇರಿ ಹೋರಾಟಕ್ಕೆ ನಿಂತರು. ಅಲ್ಲಿಂದ ಹಬ್ಬಿದ ದನಿಗೆ ಸರ್ಕಾರ ಬಾಗಿತು. 1963ರಿಂದ ಪಠ್ಯಪುಸ್ತಕ ಉಚಿತವಾಗಿ ಕೊಡುವುದು ಒಂದನೆ ತರಗತಿಗೆ ಶುರುವಾಗಿ, 1969ರ ಹೊತ್ತಿಗೆ ಕಡ್ಡಾಯ ಶಿಕ್ಷಣದ ಎಲ್ಲ ತರಗತಿಗಳಿಗೂ ಬಂತು. ಆ ತಾಯಂದಿರು ತಮ್ಮ ಕೇರಿಯ ಮಕ್ಕಳಿಗೆ ಮಾತ್ರ ಕೊಡಿ ಅನ್ನಲಿಲ್ಲ. ಇವತ್ತು ಟೋಕಿಯೋದ ಸಾಹುಕಾರನ ಮಗ ಹಿಡಿದುಕೊಂಡು ಹೋಗುವ ಪಠ್ಯಪುಸ್ತಕ, ಇಂಗ್ಲಿಷ್ ಪುಸ್ತಕವೂ ಸೇರಿ, ಆ ಹೋರಾಟದ ಫಲ.

ಎರಡು ಬಗೆಯ ಕಲಿಕೆ ನಮ್ಮ ಮುಂದೆ ಇವೆ. ಒಂದು, ಪಕ್ಕದ ಮಗುವಿಗೂ ಸಿಕ್ಕರೆ ಬೆಲೆ ಕಳೆದುಕೊಳ್ಳುವಂಥದು. ಇನ್ನೊಂದು, ಪಕ್ಕದ ಮಗುವಿಗೆ ಸಿಕ್ಕಷ್ಟೂ ಬೆಳೆಯುವಂಥದು. ಯಾವ ಭಾಷೆಯಾದರೂ ಈ ಎರಡರಲ್ಲಿ ಯಾವುದಾದರೂ ಆಗಬಹುದು. ನೈತಿಕ ಪ್ರಶ್ನೆ ಇರುವುದು ಇಲ್ಲಿ.

ನಮ್ಮ ನಾಡಿಗೆ ಇದನ್ನು ಹೇಗೆ ತಗೋಬೇಕು? 2019ರಲ್ಲಿ ಕರ್ನಾಟಕ ಸರ್ಕಾರ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆದಾಗ ಎದ್ದ ಗದ್ದಲ ನಮಗೆ ನೆನಪಿದೆ. ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಬಿಟ್ಟು ಬಂದು, ಕೇರಿಯ ಮಕ್ಕಳಿಗೆ ಮಾತೃಭಾಷೆಯ ಉಪದೇಶ ಮಾಡುವವರ ಮಾತನ್ನು ನಾವು ಒಪ್ಪಲಾರೆವು. ಅವರು ಜಪಾನಿನ ಉದಾಹರಣೆ ಕೊಡುವುದುಂಟು. ಕೊಡಲಿ. ಜಪಾನು ತನ್ನ ಭಾಷೆಯಲ್ಲಿ ವೈದ್ಯನನ್ನೂ ನ್ಯಾಯಾಧೀಶನನ್ನೂ ಮಾಡಿತು, ಇವರು ಮಾಡಿದರೆ? ಅನ್ನವನ್ನು ಇಂಗ್ಲಿಷಿನ ಬೀರುವಿನಲ್ಲಿ ಇಟ್ಟು ಬೀಗ ಹಾಕಿ, ಬೀಗದ ಕೈ ಕೇಳಿದವನಿಗೆ ಭಾಷಾಭಿಮಾನ ಇಲ್ಲ ಅನ್ನುವುದು ಯಾವ ನ್ಯಾಯ?

ಅದೇ ಹೊತ್ತಿಗೆ ನಾವು ನಮ್ಮವರಿಗೂ ಒಂದು ಮಾತು ಹೇಳಬೇಕು. ಹೊಲ, ಒಡವೆ ಅಡವಿಟ್ಟು ಕಟ್ಟುವ ಫೀಸಿನಲ್ಲಿ ಮಗುವಿಗೆ ಇಂಗ್ಲಿಷ್ ಸಿಗುತ್ತಿದೆಯೋ, ಅಥವಾ ಅವ್ವ ಆಡುವ ಮಾತು ಕೀಳು ಅನ್ನುವ ನಾಚಿಕೆ ಸಿಗುತ್ತಿದೆಯೋ, ಅಳೆದು ನೋಡಬೇಕು. ಕನ್ನಡ ಆಡಿದರೆ ದಂಡ ಹಾಕುವ ಶಾಲೆ ಓಕಿನಾವಾದ ಹಲಗೆಯನ್ನೇ ನಮ್ಮ ಮಗುವಿನ ಕೊರಳಿಗೆ ಹಾಕುತ್ತಿದೆ. ನಾವು ಕೇಳಬೇಕಾದದ್ದು ನಾಗಹಾಮಾದ ತಾಯಂದಿರು ಕೇಳಿದ ರೀತಿಯದು: ಎಲ್ಲ ಮಕ್ಕಳಿಗೆ, ಒಂದೇ ವಯಸ್ಸಿಗೆ, ತರಬೇತಾದ ಮೇಷ್ಟ್ರಿಂದ, ಸರ್ಕಾರಿ ಶಾಲೆಯಲ್ಲಿ, ಫೀಸಿಲ್ಲದೆ ಇಂಗ್ಲಿಷ್. ಜೊತೆಗೆ, ಕನ್ನಡವಿರಲಿ, ಲಂಬಾಣಿಯಿರಲಿ, ತೆಲುಗಿರಲಿ, ಉರ್ದುವಿರಲಿ, ಯಾವ ಮಗುವಿನ ಮನೆಮಾತಿಗೂ ನಗೆಯಿಲ್ಲ, ದಂಡವಿಲ್ಲ.

ಮೂರು ವರ್ಷದ ಕೂಸು ತಿರುಗಿ ಕೇಳಲಾರದು. ನನ್ನ ನಾಲಿಗೆಯನ್ನು ಯಾಕೆ ಅಂಗಡಿಗೆ ಇಟ್ಟಿರಿ ಅಂತಲೂ ಕೇಳಲಾರದು, ನನ್ನನ್ನು ಯಾಕೆ ಸರತಿಯ ಹೊರಗೆ ನಿಲ್ಲಿಸಿದಿರಿ ಅಂತಲೂ ಕೇಳಲಾರದು. ಟೋಕಿಯೋದ ಕೂಸಾದರೂ ಅಷ್ಟೆ, ನಮ್ಮ ಹಟ್ಟಿಯ ಕೂಸಾದರೂ ಅಷ್ಟೆ. ಅವುಗಳ ಪರವಾಗಿ ಕೇಳುವ ಕೆಲಸ ದೊಡ್ಡವರದು. ಈ ತಿಂಗಳು ಶಾಲೆಯ ಮೇಲುಸ್ತುವಾರಿ ಸಮಿತಿಯ ಸಭೆ ನಡೆಯುವ ಊರುಗಳಲ್ಲಿ ನಮ್ಮ ಗೆಳೆಯರು ಹೋಗಿ ಕೂರಲಿ, ಈ ಪ್ರಶ್ನೆಯನ್ನು ಅಲ್ಲೇ ಎತ್ತಲಿ.